ಕನ್ನಡಕ ಬಿಟ್ಟ ದರ್ಜಿ

ಅರವತ್ತರ ಅಂಚಿನಲ್ಲಿದ್ದ ದರ್ಜಿಗೆ ಒಂದು ಬೆಳಗ್ಗೆ ಕನ್ನಡಕವಿಲ್ಲದೆಯೇ ಸೂಜಿಯ ಕಣ್ಣು ಕಂಡಿತು. ಕಪ್ಪು ಬಟ್ಟೆ, ಕಪ್ಪು ದಾರ. ಆದರೂ ಒಂದೇ ಏಟಿಗೆ ಪೋಣಿಸಿದ. ವರ್ಷಗಟ್ಟಲೆ ಮೂಗಿನ ಮೇಲೆ ಸವಾರಿ ಮಾಡಿದ್ದ ಕನ್ನಡಕವನ್ನು ಮಡಚಿ ಗುಂಡಿಯ ಡಬ್ಬಿಗೆ ಹಾಕಿ, ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬೀಗಿದ.

"ಪ್ರಾಯ ತಿರುಗಿ ಬಂತು ಕಣೇ," ಎಂದ, ಪಕ್ಕದಲ್ಲೇ ಕೂತು ಕಾಜಾ ಹಾಕುತ್ತಿದ್ದ ಹೆಂಡತಿಗೆ. "ಹೊಟ್ಟೆಯೂ ಇಳಿದಿದೆ, ನೋಡು!"

ಇಳಿದಿದ್ದು ನಿಜ. ಅವನ ಪ್ಯಾಂಟಿನ ಸೊಂಟವನ್ನು ಅವಳೇ ಎರಡು ಸಲ ಒಳಕ್ಕೆ ಹಿಡಿದು ಹೊಲಿದಿದ್ದಳು. ಆದರೆ ಊಟವೇನೂ ಕಮ್ಮಿಯಾಗಿರಲಿಲ್ಲ. ಮೊದಲಿಗಿಂತ ಒಂದು ಪಾಲು ಹೆಚ್ಚೇ. ಹಾಗಾದರೆ ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿದೆ? ಪ್ರಶ್ನೆ ಅವಳ ತಲೆಯನ್ನು ಹುಳದ ಹಾಗೆ ಕೊರೆಯತೊಡಗಿತು. ನೀರಿನ ಹೂಜಿ ಮಧ್ಯಾಹ್ನದೊಳಗೆ ಬರಿದಾಗುವುದು, ಅರ್ಧ ಹೊಲಿದ ತೋಳನ್ನು ಮೆಷಿನ್ನಿನಲ್ಲೇ ಬಿಟ್ಟು ಅವನು ಹಿಂದಿನ ಬಚ್ಚಲಿಗೆ ಓಡುವುದು, ಬಂದು ಕೂತಲ್ಲೇ ತೂಕಡಿಸುವುದು. ಎಲ್ಲವನ್ನೂ ಕೈಕೆಲಸ ಬಿಡದೆ ಗಮನಿಸಿದಳು.

"ರೀ, ಇಲ್ಲಿ ಬನ್ನಿ. ಎದುರಿನ ಅಂಗಡಿ ಬೋರ್ಡು ಓದಿ, ನೋಡೋಣ."

ದರ್ಜಿ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದ. "ಬಣ್ಣ ಪೂರಾ ಮಾಸಿಹೋಗಿದೆಯಲ್ಲೇ."

"ಮೊನ್ನೆ ತಾನೇ ಬಳಿಸಿದ್ದಾರೆ! ನಿಮ್ಮ ಪ್ರಾಯ ರಸ್ತೆ ದಾಟೋದಿಲ್ವಾ?"

ದರ್ಜಿಯ ಮುಖ ಸಪ್ಪಗಾಯಿತು. ಕಣ್ಣೇ ಅವನ ಅನ್ನ. ಅಂಗಡಿಯ ಬಾಗಿಲೆಳೆದು ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಅವರು ಎಲ್ಲ ಕೇಳಿ, ಬೆರಳು ಚುಚ್ಚಿ ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದರು.

"ಹಾಗಾದ್ರೆ ಸೂಜಿ ಹೇಗೆ ಕಾಣ್ತು, ಡಾಕ್ಟರಮ್ಮ?" ಭಯಕ್ಕಿಂತ ಕುತೂಹಲವೇ ಮುಂದಾಗಿ ಕೇಳಿದ.

"ರಕ್ತದಲ್ಲಿ ಸಕ್ಕರೆ ಏರಿದ್ರೆ ಕಣ್ಣಿನ ಲೆನ್ಸು ಉಬ್ಬುತ್ತೆ. ಕೆಲವರಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜು. ಸಕ್ಕರೆ ಇಳಿದ ಮೇಲೆ ಮತ್ತೆ ಕನ್ನಡಕ ಬೇಕಾಗುತ್ತೆ. ಸದ್ಯಕ್ಕೆ ಹೊಸದು ಮಾಡಿಸಬೇಡಿ, ನೋಟ ಒಂದೇ ಕಡೆ ನಿಲ್ಲೋದಿಲ್ಲ."

"ಅಂದ್ರೆ, ಮಾತ್ರೆ ನುಂಗಿದ್ರೆ ಈ ನೋಟ ಹೋಗುತ್ತೆ?"

"ನುಂಗದೇ ಇದ್ರೆ ಕಣ್ಣಿನ ಒಳಪರದೆ ಹಾಳಾಗಿ ಎಲ್ಲ ನೋಟವೂ ಹೋಗಬಹುದು. ಬೇಗ ಬಂದಿದ್ದೀರಿ, ಉಳಿಸಿಕೊಳ್ಳೋಣ."

ದರ್ಜಿ ಬೆರಳ ತುದಿಯ ರಕ್ತದ ಚುಕ್ಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಎಷ್ಟು ಸ್ಪಷ್ಟ! ಬಿಟ್ಟುಕೊಡಲು ಜೀವ ಒಪ್ಪಲಿಲ್ಲ. ಆದರೂ ಕೈಚಾಚಿ ಮಾತ್ರೆಯ ಪೊಟ್ಟಣ ತೆಗೆದುಕೊಂಡ.

"ಇದು ಊಟಕ್ಕೆ ಮುಂಚೆಯೋ, ಆಮೇಲೋ?"

"ಮೊದಲು ಎಷ್ಟು ಊಟ ಅಂತ ಕೇಳ್ರೀ," ಎಂದಳು ಹೆಂಡತಿ.