ತಾಟಿನ ಸ್ಟ್ಯಾಂಡಿನ ಕೆಳಸಾಲು

ಗುಜರಿ ಅಂಗಡಿ ಕಂಡರೆ ಸಾಕು, ನನಗೆ ಮುಂದಕ್ಕೆ ಹೆಜ್ಜೆ ಬರುವುದಿಲ್ಲ. ಕೊಪ್ಪಳದಲ್ಲಿ ನಮ್ಮ ಓಣಿಯ ತುದಿಗೇ ಒಂದಿದೆ. ಗಾಜಿಲ್ಲದ ಕಿಟಕಿ, ಕಾಲು ಮುರಿದ ಸ್ಟೂಲು, ತೂತು ಬಿದ್ದ ಜರಡಿ, ಎಲ್ಲವೂ ನನ್ನ ಕಣ್ಣಿಗೆ ಬೇರೆ ಏನೋ ಆಗಿ ಕಾಣುತ್ತವೆ. ನಮ್ಮ ಮನೆಯವರು ಕೋರ್ಟಿನಲ್ಲಿ ಗುಮಾಸ್ತರು, ಮಾತಿಗೆ ಕಡಿಮೆಯಿಲ್ಲ. "ಮಂದಿ ಮನ್ಯಾಗಿಂದು ಗುಜರಿಗೆ ಹಾಕ್ತಾರ, ನೀ ಗುಜರಿ ತಂದು ಮನ್ಯಾಗ ಹಾಕ್ತಿ" ಎಂದು ಬಂದವರ ಮುಂದೆಲ್ಲ ಆಡಿ ನಗುತ್ತಾರೆ. ನಗಲಿ ಬಿಡಿ. ಬಂದವರು ಕೊನೆಗೆ ಹೊಗಳುವುದು ನಾನು ಜರಡಿಗೆ ಕೂರಿಸಿದ ಕನ್ನಡಿಯನ್ನೇ.

ಹೋದ ದೀಪಾವಳಿಗೆ ಮನೆ ಜಾಡಿಸುವಾಗ ಅತ್ತೆಯ ಟ್ರಂಕಿನ ತಳದಲ್ಲಿ ಒಂದು ದಿಂಬಿನ ಚೀಲ ಸಿಕ್ಕಿತು. ಒಳಗೆ ಬರೀ ಗ್ರೀಟಿಂಗ್ ಕಾರ್ಡುಗಳು. ಫೋನು ಎಲ್ಲರ ಕೈಗೆ ಬರುವ ಮೊದಲು ಹೊಸ ವರ್ಷಕ್ಕೆ, ಸಂಕ್ರಾಂತಿಗೆ, ದೀಪಾವಳಿಗೆ ಅಂಚೆಯಲ್ಲಿ ಬರುತ್ತಿದ್ದವಲ್ಲ, ಅವೇ. ಅತ್ತೆ ಯಲಬುರ್ಗಾದ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಊರೂರಿನ ಬಾಣಂತಿಯರು, ಜೊತೆಗೆ ಕೆಲಸ ಮಾಡಿದವರು, ಬಂಧುಬಳಗ, ಎಲ್ಲರೂ ಕಳಿಸಿದ್ದರು. ಕೈ ಮುಗಿದ ಕೂಸು, ಕಮಲ, ಜೋಡಿ ಗಿಳಿ, ಮುಟ್ಟಿದರೆ ಬೆರಳಿಗೆಲ್ಲ ಮಿನುಗಿನ ಪುಡಿ. ನಾನು ಅಲ್ಲೇ ಕಸದ ನಡುವೆ ಕೂತುಬಿಟ್ಟೆ.

ಅತ್ತೆಗೆ ಆ ವರ್ಷದ ಹೋಳಿಹುಣ್ಣಿಮೆಯ ಹೊತ್ತಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿ, ಬಾಯಲ್ಲಿ "ಆಂ" ಎಂಬ ಒಂದೇ ಸದ್ದು ಉಳಿದಿತ್ತು. ನೋಡಲು ಬಂದವರು ಅವರೆದುರಿಗೇ, "ಪಾಪ, ಏನೂ ತಿಳಿಯೂದಿಲ್ಲ ಈಗ" ಎನ್ನುವರು. ನಮ್ಮ ಮನೆಯವರೂ ಹಾಗೆಯೇ ಅಂದುಕೊಂಡಿದ್ದರು. ಇದರ ನಡುವೆ ಕಾರಹುಣ್ಣಿಮೆ ಆದ ಮೇಲೆ ಕುಷ್ಟಗಿಯಲ್ಲಿದ್ದ ಅತ್ತೆಯ ಒಬ್ಬಳೇ ತಂಗಿ ತೀರಿಕೊಂಡರು. ಎದೆನೋವು ಅಂದರಂತೆ, ದವಾಖಾನೆ ಮುಟ್ಟಲೇ ಇಲ್ಲ. ಮನೆಯವರು ಅವ್ವನಿಗೆ ಕೋರ್ಟಿನ ಕೆಲಸ ಎಂದು ಹೇಳಿ ಮಣ್ಣಿಗೆ ಹೋಗಿ ಬಂದರು. ಬಂದವರೇ ನನ್ನನ್ನು ಹಿತ್ತಲಿಗೆ ಕರೆದು, "ಅವ್ವಗ ಗೊತ್ತಾಗಬಾರದು. ಡಾಕ್ಟರು ಮೊದಲ ಹೇಳ್ಯಾರ, ಮನಸ್ಸಿಗೆ ಪೆಟ್ಟು ಬಿದ್ರ ಉಳಿಯೂದಿಲ್ಲ" ಅಂದರು.

"ಏನೂ ತಿಳಿಯೂದಿಲ್ಲ ಅಂತೀರಿ. ತಿಳಿಯದವ್ರಿಗೆ ಮುಚ್ಚಿ ಇಡೂದು ಏನೈತ್ರಿ?" ಎಂದೆ ನಾನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವರ ಕಣ್ಣು ತುಂಬಿದ್ದು ನೋಡಿ ಒಪ್ಪಿಕೊಂಡೆ.

ಅಂದಿನಿಂದ ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಅತ್ತಿ, ನಿಮ್ಮ ತಂಗಿಗೆ ಮೊಣಕಾಲು ಹಿಡದಾವಂತ್ರಿ, ಬಸ್ ಹತ್ತಾಕ ಆಗವಲ್ದಂತ." ಮತ್ತೊಮ್ಮೆ, "ಹುಲಿಗಿಗೆ ಹೋಗ್ಯಾರಂತ್ರಿ, ನಿಮ್ಮ ಹೆಸರೀಲೆ ಕಾಯಿ ಒಡಸ್ತಾರಂತ." ಪಂಚಮಿಗೆ ನಾನೇ ಶೇಂಗಾ ಉಂಡಿ ಕಟ್ಟಿ, ಕುಷ್ಟಗಿಯಿಂದ ಬಂದವು ಎಂದು ಬಾಯಿಗಿಟ್ಟೆ. ಅತ್ತೆ ಮೆಲ್ಲಗೆ ಅಗಿದು ನುಂಗಿದರು. ನನಗೆ ಅವತ್ತು ಊಟ ಸೇರಲಿಲ್ಲ.

ಇಂಥ ಅತ್ತೆಗೆ ಆ ಕಾರ್ಡುಗಳನ್ನು ತೋರಿಸಿದಾಗ "ಆಂ, ಆಂ" ಎಂದು ಎಡಗೈ ಚಾಚಿದರು. ಏಳೆಂಟು ತಿಂಗಳಲ್ಲಿ ಅವರಾಗಿಯೇ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಬ್ಬದೊಳಗೆ ಇವನ್ನೆಲ್ಲ ಅವರ ಕಣ್ಣೆದುರಿಗೆ ಚೆಂದಗೆ ನಿಲ್ಲಿಸಲೇಬೇಕು ಎಂದು ಹಟ ಹಿಡಿದೆ. ಮೊದಲು ದಾರ ಕಟ್ಟಿ ಬಟ್ಟೆಯ ಕ್ಲಿಪ್ಪು ಹಾಕಿದೆ. ಫ್ಯಾನಿನ ಗಾಳಿಗೆ ಒಂದೂ ನಿಲ್ಲಲಿಲ್ಲ. ಹಳೆಯ ಸೈಕಲ್ಲಿನ ಗಾಲಿ ತೂಗುಹಾಕಿದೆ. ಮಂಚದಿಂದ ಅವರಿಗೆ ಕೈ ಎಟುಕಲಿಲ್ಲ. ಮೂರನೆಯ ಸಲ ಗುಜರಿಗೆ ಹೋದಾಗ ಮೂಲೆಯಲ್ಲಿ ಒಂದು ತಾಟಿನ ಸ್ಟ್ಯಾಂಡು ಕಂಡಿತು. ಹಿಂದೆ ಎಲ್ಲರ ಅಡಿಗೆಮನೆಯ ಗೋಡೆಗೂ ಇರುತ್ತಿತ್ತಲ್ಲ, ಮೇಲೆ ತಾಟು ನಿಲ್ಲಿಸಲು ಎರಡು ಸಾಲು, ಕೆಳಗೆ ಬಸಿಗೆ ಒಂದು ಸಾಲು, ತುದಿಗೆ ಕಪ್ಪು ತೂಗುಹಾಕುವ ಕೊಕ್ಕೆ.

"ಅಕ್ಕಾರ, ಎಲ್ಲಾರೂ ಕಿತ್ತು ಒಗದ ಮಾಲ್ ಐತ್ರಿ ಇದು. ಈಗ ಯಾರ್ ಇಡ್ತಾರ್ರಿ?" ಎಂದ ಅಂಗಡಿಯ ಮುದುಕ.

"ನಾ ಇಡ್ತೀನಿ, ಕೊಡ್ರಿ ಚಾಚಾ" ಎಂದು ಹೊತ್ತು ತಂದೆ. ತುಕ್ಕು ತಿಕ್ಕಿ, ಗೇಟಿಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣ ಬಳಿದೆ. ಹರಿದ ಇಳಕಲ್ ಸೀರೆಯ ದಡಿಯನ್ನು ಸರಳುಗಳ ನಡುವೆ ಹೆಣೆದೆ, ಕೊಕ್ಕೆಗಳಿಗೆ ಹಳೆಯ ಬಳೆ ತೂಗುಬಿಟ್ಟೆ. ತಾಟು ನಿಲ್ಲುವ ಸಂದಿನಲ್ಲಿ ಕಾರ್ಡು ಇಟ್ಟರೆ, ಅಬ್ಬಾ, ಅಳತೆ ಕೊಟ್ಟು ಮಾಡಿಸಿದ ಹಾಗೆ ನಿಂತಿತು! ಮಂಚದ ಪಕ್ಕದ ಗೋಡೆಗೆ, ಕೂತವರ ಕೈಗೆ ಸಿಗುವಷ್ಟು ತಗ್ಗಿನಲ್ಲಿ ಹೊಡೆಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಕಾರ್ಡು ಜೋಡಿಸಿದೆ. ಮೇಲಿನಿಂದ ಕೆಂಪು, ಆಮೇಲೆ ಹಳದಿ, ಕೆಳಗೆ ಹಸಿರು. ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಮರುದಿನ ನೋಡುತ್ತೇನೆ, ಎಲ್ಲಾ ಕಲಸಿಹೋಗಿದೆ. ಅತ್ತೆ ಎಡಗೈಯಿಂದ ಕಿತ್ತು ಕಿತ್ತು ಬೇರೆ ಕಡೆ ಸಿಕ್ಕಿಸಿದ್ದರು. ನಾನು ಮತ್ತೆ ಸರಿ ಮಾಡಿದೆ, ಅವರು ಮತ್ತೆ ಕೆಡಿಸಿದರು. ನಾಲ್ಕು ದಿನ ಇದೇ ನಡೆದು ನನ್ನ ತಲೆ ಕೆಟ್ಟುಹೋಯಿತು. "ಅತ್ತಿ, ಸಣ್ಣ ಹುಡುಗರಂಗ ಮಾಡಬ್ಯಾಡ್ರಿ. ಎಷ್ಟ್ ಸಲ ಜೋಡಸ್ಲಿ ನಾ?" ಎಂದು ರೇಗಿದೆ. ಅವರು ನನ್ನನ್ನೇ ನೋಡಿ, ಜೋಡಿ ಗಿಳಿಯ ಹಳದಿ ಕಾರ್ಡು ತೆಗೆದು ಮತ್ತೆ ಕೆಳಸಾಲಿಗೆ ಇಟ್ಟರು. ಅದು ನನ್ನ ಅಪ್ಪ ಕಳಿಸಿದ್ದ ಕಾರ್ಡು. ನನ್ನ ಮದುವೆಯಾದ ವರ್ಷ ದೀಪಾವಳಿಗೆ ಬೀಗಿತ್ತಿಗೆಂದು ಬರೆದದ್ದು. ಅಪ್ಪ ಹೋಗಿ ಎರಡು ವರ್ಷವಾಗಿತ್ತು.

ಅದೇಕೋ ಕೆಳಸಾಲಿನ ಕಾರ್ಡುಗಳನ್ನು ಒಂದೊಂದೇ ತಿರುಗಿಸಿ ಹೆಸರು ಓದಿದೆ. ಅತ್ತೆಯ ಅಣ್ಣ, ತೀರಿಕೊಂಡವರು. ಯಲಬುರ್ಗಾದ ಹಳೆಯ ಡಾಕ್ಟರು, ಅವರೂ ಇಲ್ಲ. ಎರಡನೆಯ ಹೆರಿಗೆಯಲ್ಲಿ ಸತ್ತಳು ಎಂದು ಅತ್ತೆ ಹಿಂದೆ ಕಣ್ಣೀರು ಹಾಕಿ ಹೇಳುತ್ತಿದ್ದ ಹೆಣ್ಣುಮಗಳು. ಬದುಕಿದ್ದವರ ಕಾರ್ಡು ಒಂದೂ ಅಲ್ಲಿ ಇರಲಿಲ್ಲ. ಏನೂ ತಿಳಿಯುವುದಿಲ್ಲ ಎಂದು ನಾವು ಮೂಲೆಗೆ ಕೂರಿಸಿದ್ದ ಜೀವ, ಅಷ್ಟು ಜನರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಒಂದೂ ತಪ್ಪದೆ ಆರಿಸಿ ಇಟ್ಟಿತ್ತು. ಅವರ ಕಾಲು ಹಿಡಿದುಕೊಂಡು, "ತಪ್ಪಾತ್ರಿ ಅತ್ತಿ" ಅಂದೆ. ಕೂಡಲೇ ತಂಗಿಯ ಕಾರ್ಡು ಹುಡುಕಿದೆ. ತೆರೆದರೆ ಕಾಗದದ ದೀಪವೊಂದು ಎದ್ದು ನಿಲ್ಲುವ ಕಾರ್ಡು ಅದು. ಮೇಲುಸಾಲಿನಲ್ಲಿ ಎಲ್ಲಕ್ಕಿಂತ ಮೊದಲಿಗಿತ್ತು.

ಸಂಜೆ ಮನೆಯವರಿಗೆ ಹೇಳಿದೆ. "ನಿಮ್ಮ ಅವ್ವಗ ಎಲ್ಲಾ ತಿಳಿತೈತ್ರಿ. ತಂಗಿ ಅದಾಳ ಅಂತ ನಂಬ್ಯಾರ. ಇನ್ನ ನನ್ನ ಕೈಲಿ ಸುಳ್ಳು ಹೇಳಾಕ ಆಗೂದಿಲ್ಲ." ಅವರು ಹೋಗಿ ಕೆಳಸಾಲಿನ ಕಾರ್ಡುಗಳನ್ನು ತಾವೂ ತಿರುಗಿಸಿ ನೋಡಿದರು. "ಹಬ್ಬ ಮುಗೀಲಿ" ಎಂದಷ್ಟೇ ಅಂದರು.

ಪಾಡ್ಯದ ಬೆಳಿಗ್ಗೆ ಅವರು ಚೆಂಡುಹೂ ತರಲು ಪೇಟೆಗೆ ಹೋದರು. ನಾನು ಒಲೆಯ ಮೇಲೆ ಎಣ್ಣೆ ಇಟ್ಟು, ಅತ್ತೆಗೆ ಏನಾದರೂ ಬೇಕೇನೋ ಎಂದು ಬಾಗಿಲಲ್ಲಿ ಇಣುಕಿದೆ. ಅವರು ಮೇಲುಸಾಲಿನಿಂದ ತಂಗಿಯ ಕಾರ್ಡು ತೆಗೆದರು. ಬಿಚ್ಚಿ, ಎದ್ದ ದೀಪವನ್ನು ಬೆರಳಿಂದ ಸವರಿದರು. ಆಮೇಲೆ ಮಡಚಿ, ಕೆಳಸಾಲಿನಲ್ಲಿ ಅಣ್ಣನ ಕಾರ್ಡಿನ ಪಕ್ಕಕ್ಕೆ ಇಟ್ಟು, ಅದನ್ನೇ ನೋಡುತ್ತಾ ಕೂತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಸದ್ದಿರಲಿಲ್ಲ.

ಅಷ್ಟರಲ್ಲಿ ಓಣಿಯಲ್ಲಿ ಮನೆಯವರ ಗಾಡಿಯ ಸದ್ದು ಕೇಳಿತು. ಅತ್ತೆ ಬೆಚ್ಚಿದರು. ಸೆರಗಿನಿಂದ ಗಡಬಡಿಸಿ ಕಣ್ಣು ಒರೆಸಿಕೊಂಡು, ಕಾರ್ಡು ಕಿತ್ತು ಮೇಲುಸಾಲಿಗೆ ಇಡಲು ಕೈ ಎತ್ತಿದರು. ದೇವರೇ! ಮಗನಿಗೆ ಸಂಕಟವಾಗದಿರಲೆಂದು ಈ ಜೀವ ದಿನಾ ಇದನ್ನೇ ಮಾಡುತ್ತಿತ್ತು. ನಾವು ಅವರನ್ನು ಕಾಪಾಡುತ್ತಿದ್ದೇವೆ ಎಂದು ಬೀಗುತ್ತಿದ್ದಾಗ, ಅರ್ಧ ಮೈ ಸತ್ತು ಮಲಗಿದ ಆ ತಾಯಿ ನಮ್ಮನ್ನು ಕಾಯುತ್ತಿದ್ದರು. ಯಾವಾಗ ಗೊತ್ತಾಯಿತೋ, ಹೇಗೆ ಗೊತ್ತಾಯಿತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವಸರಕ್ಕೆ ಕಾರ್ಡು ಕೈಜಾರಿ ನೆಲಕ್ಕೆ ಬಿತ್ತು. ಅವರಿಗೆ ಬಗ್ಗಲು ಬರುವುದಿಲ್ಲ. ತಲೆ ಎತ್ತಿದಾಗ ಬಾಗಿಲಲ್ಲಿ ನಿಂತ ನನ್ನನ್ನು ಕಂಡು, "ಆಂ, ಆಂ" ಎಂದು ಮೇಲುಸಾಲಿನ ಕಡೆ ಬೆರಳು ಮಾಡಿದರು. ಹೊರಗೆ ಗಾಡಿ ನಿಂತಿತು. ನಾನು ಕಾರ್ಡು ಎತ್ತಿಕೊಂಡೆ. ಅತ್ತೆಯ ಮಾತು ಮೀರಿದ್ದು ಆಗ ಒಂದೇ ಸಲ. ಅದನ್ನು ಕೆಳಸಾಲಿನಲ್ಲಿ, ಅವರ ಅಣ್ಣನ ಕಾರ್ಡಿನ ಪಕ್ಕಕ್ಕೆ ಇಟ್ಟೆ.

ಮನೆಯವರು ಹೂವಿನ ಚೀಲ ಹಿಡಿದು ಒಳಗೆ ಬಂದರು. ಸ್ಟ್ಯಾಂಡು ನೋಡಿದರು, ಅವ್ವನನ್ನು ನೋಡಿದರು. ಚೀಲ ಅಲ್ಲೇ ಬಿಟ್ಟು, ನೆಲಕ್ಕೆ ಕುಸಿದು, ಅವ್ವನ ಮಡಿಲಿಗೆ ತಲೆ ಇಟ್ಟು, "ನಿನಗ ಗೊತ್ತಿತ್ತೇನಬೇ" ಎಂದರು. ಅತ್ತೆ ಎಡಗೈಯನ್ನು ಅವರ ತಲೆಯ ಮೇಲಿಟ್ಟರು. ಕುಷ್ಟಗಿಯ ಆ ತಂಗಿಗಾಗಿ ನಮ್ಮ ಮನೆಯಲ್ಲಿ ಮೂವರೂ ಕೂಡಿ ಅತ್ತದ್ದು ಅವತ್ತು, ಆಕೆ ಹೋದ ಐದು ತಿಂಗಳಿಗೆ.