ಬಾಡಿಗೆಯಿಲ್ಲದ ಮನೆ

೨೦೦೫ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ನಾನು ದಾನಮ್ಮನವರನ್ನು ಮೊದಲು ನೋಡಿದೆ. ಜರಗನಹಳ್ಳಿಯ ಮುನಿಯಣ್ಣನವರ ಕಟ್ಟಡದ ಮೊದಲ ಮಹಡಿ ಲೀಸಿಗಿದೆ ಎಂದು ಗೇಟಿಗೆ ಹಲಗೆ ಕಟ್ಟಿದ್ದರು. ಲೀಸೆಂದರೆ ದೊಡ್ಡ ಮೊತ್ತವನ್ನು ಒಮ್ಮೆಲೇ ಮಾಲೀಕರಿಗೆ ಕೊಡುವುದು. ಇರುವಷ್ಟು ದಿನ ಬಾಡಿಗೆಯಿಲ್ಲ, ಬಿಡುವಾಗ ಅಷ್ಟೂ ವಾಪಸ್ಸು. ಮೆಟ್ಟಿಲ ಕೊನೆಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೂವತ್ತರ ಹೆಂಗಸೊಬ್ಬರು ನಿಂತಿದ್ದರು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅಡುಗೆಮನೆಯ ಕಿಟಕಿ ತೆರೆದರು, ನಲ್ಲಿ ತಿರುಗಿಸಿದರು, ಬಚ್ಚಲ ಗೋಡೆ ಮಳೆಗಾಲದಲ್ಲಿ ಒಸರುತ್ತದೆ ಎಂದು ತಾವೇ ಬೆರಳಿಟ್ಟು ತೋರಿಸಿದರು. ಹೊರಟ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

“ಒಂದು ಮಾತು ಹೇಳ್ತೀನ್ರಿ ಅಣ್ಣಾರ. ಈ ಬಾಗಲಿಗೆ ಸಾಲ ವಸೂಲಿಯವರು ಬರ್ತಾರ. ಅದು ನಮ್ಮ ಸಲುವಾಗಿ. ಮನಿ ಚಲೋ ಐತಿ.”

ಅದಕ್ಕೆ ಮೊದಲು ಬಂದವರೆಲ್ಲ ಮನೆ ಒಪ್ಪಿ, ಕೆಳಗಿನ ಅಂಗಡಿಯಲ್ಲಿ ಈ ಸುದ್ದಿ ಕೇಳಿ ತಿರುಗಿ ಬಂದಿರಲಿಲ್ಲವಂತೆ. ಹಾಗಾಗಿ ಮುಂಚೆಯೇ ಹೇಳಿಬಿಡುವುದೆಂದು ನಿರ್ಧರಿಸಿದ್ದರು. ಉಳಿದದ್ದನ್ನು ನಾನು ಆಮೇಲೆ ತಿಳಿದೆ.

ದಾನಮ್ಮ ಗದಗದ ಕಡೆಯವರು. ಗಂಡ ಬಸವಂತ ಬಿಟಿಎಂ ಲೇಔಟಿನ ಕೊರಿಯರ್ ಕಚೇರಿಯಲ್ಲಿ ಗುಮಾಸ್ತ. ಅಲ್ಲೇ ಬಾಡಿಗೆಗಿದ್ದಾಗ ದಾನಮ್ಮ, ಚಿಕ್ಕಲಸಂದ್ರದ ತಮ್ಮ ಅಕ್ಕನ ಮನೆ ಲೀಸಿನದೆಂದು ಆಗಾಗ ಹೇಳುತ್ತಿದ್ದರು. ಬಾಡಿಗೆ ಹೋದ ದುಡ್ಡು, ಲೀಸು ಇದ್ದ ದುಡ್ಡು ಎನ್ನುವುದು ಅವರ ಬಂಧುಗಳಲ್ಲಿ ಎಲ್ಲರ ಲೆಕ್ಕ. ಆಗ ಕ್ರೆಡಿಟ್ ಕಾರ್ಡು ಮಾರುವ ಹುಡುಗರು ಕಚೇರಿ ಕಚೇರಿಗೂ ಬರುತ್ತಿದ್ದರು. ಬಸವಂತ ಮೂರು ಕಾರ್ಡು ಮಾಡಿಸಿ, ಎಟಿಎಂನಲ್ಲಿ ನಗದು ತೆಗೆದು, ಉಳಿತಾಯಕ್ಕೆ ಸೇರಿಸಿ ಮುನಿಯಣ್ಣನವರಿಗೆ ಲೀಸಿನ ಹಣ ಕಟ್ಟಿ ಈ ಮನೆಗೆ ಬಂದರು. ತಮ್ಮ ಕಂಪನಿಯೇ ಬಡ್ಡಿಯಿಲ್ಲದ ಸಾಲ ಕೊಟ್ಟಿತೆಂದು ಹೆಂಡತಿಗೆ ಹೇಳಿದರು. ಆಮೇಲೆ ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದರಿಂದ ತೀರಿಸುತ್ತ ಎರಡು ವರ್ಷ ದೂಡಿದರು.

ವಸೂಲಿಯವರು ಒಂದು ಮಧ್ಯಾಹ್ನ ಬಂದು, ಬೀದಿಗೆಲ್ಲ ಕೇಳುವಂತೆ ಬಸವಂತರ ಹೆಸರು ಕೂಗಿದರು. ದಾನಮ್ಮ ಅವರನ್ನು ಒಳಗೆ ಕರೆದು, ನೀರು ಕೊಟ್ಟು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಸಂಜೆ ಗಂಡನನ್ನು ವಿಚಾರಿಸಿದರು.

“ಬಾಡಿಗಿ ಉಳಿತೈತಿ ಅಂತ ತಿಳದಿದ್ದೆ,” ಎಂದರಂತೆ ಬಸವಂತ.

“ಎಲ್ಲಿ ಉಳೀತ್ರಿ? ಎರಡು ಮನಿ ಬಾಡಿಗಿಯಷ್ಟು ಬಡ್ಡಿ ಬ್ಯಾಂಕಿಗೆ ಕಟ್ಟೀರಿ. ನಾ ಅಕ್ಕನ ಮುಂದ ಬಾಡಿಗಿ ಇಲ್ಲ ಅಂತ ಮೆರದೀನಿ.”

ತವರಿಗೆ ಹೋಗಲು ಬ್ಯಾಗು ತುಂಬಿದ್ದರು. ತಾವು ಹೋದರೆ ಈ ಮನುಷ್ಯ ನಾಲ್ಕನೆಯ ಕಾರ್ಡು ಮಾಡಿಸುತ್ತಾನೆ ಎಂಬ ಭಯವೇ ಅವರನ್ನು ನಿಲ್ಲಿಸಿತು. ಸಾಲ ತೀರಿಸುವಷ್ಟು ಹಣ ಇದ್ದದ್ದು ಲೀಸಿನಲ್ಲಿ ಮಾತ್ರ. ತಡವಾದಷ್ಟೂ ಬಡ್ಡಿ ಅದನ್ನೂ ನುಂಗುತ್ತಿತ್ತು. ಆದರೆ ಮುನಿಯಣ್ಣ ಆ ಹಣವನ್ನು ಎರಡನೆಯ ಮಹಡಿ ಕಟ್ಟಲು ಹಾಕಿದ್ದರು.

“ಇನ್ನೊಬ್ರು ಲೀಸಿಗೆ ಬರ್ಲಿ ಕಣಮ್ಮ, ಅವರ ದುಡ್ಡು ಅಂಗೇ ನಿನ್ ಕೈಗೆ ಕೊಡ್ತೀನಿ. ಆದ್ರೆ ನೀನು ಬಂದೋರ್ಗೆಲ್ಲ ಗೋಡೆ ಒಸರ್ತದೆ ಅಂದ್ರೆ ಯಾರ್ ಬಂದಾರು?” ಎಂದು ರೇಗಿಸಿದರು.

ನಾನು ಬಂದೆ. ನಮ್ಮ ಮನೆತನದಲ್ಲಿ ಓದಿ ನೌಕರಿ ಹಿಡಿದವನು ನಾನೊಬ್ಬನೇ. ಕೂಡಿಟ್ಟ ಹಣವನ್ನು ಯಾರನ್ನು ನಂಬಿ ಕೊಡುವುದೆಂದು ತಿಳಿಯದೆ ಅಲೆದಿದ್ದೆ. ಇಲ್ಲಿ ಆ ಅನುಮಾನ ಬರಲಿಲ್ಲ.

ಹಣ ಮುನಿಯಣ್ಣನವರ ಜಗಲಿಯಲ್ಲೇ ದಾನಮ್ಮನವರ ಕೈ ಸೇರಿತು. ಗಂಡನನ್ನು ಕರೆದುಕೊಂಡು ಅವರು ಬ್ಯಾಂಕಿನಿಂದ ಬ್ಯಾಂಕಿಗೆ ಹೋದರು. ಒಂದೇ ಸಲ ಕಟ್ಟುತ್ತೇವೆಂದು ಪಟ್ಟು ಹಿಡಿದು ದಂಡ ಬಿಡಿಸಿ, ಎರಡು ಕಾರ್ಡು ಮುಗಿಸಿದರು. ಮೂರನೆಯದಕ್ಕೆ ಕಂತು ಮಾಡಿಸಿಕೊಂಡರು. ಕುಮಾರಸ್ವಾಮಿ ಲೇಔಟಿನ ಒಂದು ಕೋಣೆಗೆ ಬಾಡಿಗೆಗೆ ಹೋದರು, ಅಕ್ಕನಿಗೂ ನಿಜ ಹೇಳಿದರು. ಬಸವಂತ ಯಾರೂ ಹೇಳದೆಯೇ ಸಂಬಳ ತಂದು ಅವರ ಮುಂದಿಡತೊಡಗಿದರು.

ಎರಡನೆಯ ಮಹಡಿ ಸಿದ್ಧವಾದಾಗ ಮುನಿಯಣ್ಣ ದಾನಮ್ಮನವರಿಗೇ ಹೇಳಿಕಳಿಸಿದರು. “ನಿನ್ ಬಾಯಿಗೆ ಹೆದರ್ಕೊಂಡೇ ಎಲ್ಲ ಸರಿ ಮಾಡ್ಸಿದೀನಿ. ಜನಕ್ಕೆ ತೋರ್ಸಮ್ಮ.” ಆ ಮನೆ ಬೇಗ ಹೋಯಿತು, ಸಿಕ್ಕ ಕಮಿಷನ್ ಕಂತಿಗೆ ಸೇರಿತು. ಬೇರೆ ಮಾಲೀಕರೂ ಕರೆದರು. ೨೦೦೭ರಲ್ಲಿ ಮೂರನೆಯ ಕಾರ್ಡೂ ಮುಗಿಯಿತು.

ಈಗ ದಾನಮ್ಮ ಜರಗನಹಳ್ಳಿಯಿಂದ ಬನಶಂಕರಿಯವರೆಗೆ ಮನೆ ಹುಡುಕುವವರಿಗೆ ಮನೆ ತೋರಿಸುವ ಕೆಲಸ ಮಾಡುತ್ತಾರೆ. ಭಾನುವಾರಗಳಲ್ಲಿ ಬಸವಂತ ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುತ್ತಾರೆ.