ಬೆಂಬಲ ಕೊಟ್ಟವನಿಗೆ ಬೀಗ

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲವೆಂದು ಕಾನೂನು ಹೇಳುತ್ತದೆ. ಯಾರು ಯಾವ ಪಕ್ಷವೆಂಬುದು ಹೊಣಕೆರೆ ಕಡೆಯ ನಮ್ಮೂರಲ್ಲಿ ಎಮ್ಮೆಗಳಿಗೂ ಗೊತ್ತು. ಕಳೆದ ಸಲ ಕೆಂಬಾವುಟದ ದೊಡ್ಡ ಪಕ್ಷದವರು ಇಬ್ಬರು ಪಕ್ಷೇತರರನ್ನು ಕಟ್ಟಿಕೊಂಡು ಅಧಿಕಾರಕ್ಕೆ ಬಂದರು. ಕೆಂಬಾವುಟದ ಚಿಕ್ಕ ಪಕ್ಷದಿಂದ ಗೆದ್ದವನು ನಾನೊಬ್ಬನೇ. ನಮ್ಮ ತಾಲ್ಲೂಕು ಸಮಿತಿ ಟೀ ಮೇಲೆ ಟೀ ಕುಡಿದು ಚಾರಿತ್ರಿಕ ತೀರ್ಮಾನ ಕೈಗೊಂಡಿತು: ಸರ್ಕಾರಕ್ಕೆ ಹೊರಗಿನಿಂದ ಬೆಂಬಲ. ಪಂಚಾಯಿತಿಯನ್ನು ನಾವು ಸರ್ಕಾರವೆಂದೇ ಕರೆಯುತ್ತಿದ್ದೆವು. ಹೊರಗೆ ಎಂದರೆ ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿ.

ವರ್ಷ ತುಂಬುವುದರೊಳಗೆ ಅದೇ ಸರ್ಕಾರ ಪಕ್ಷೇತರರ ಹಟಕ್ಕೆ ಮಣಿದು, ಊರಿಗೆ ನೀರು ಬಿಡುವ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಲು ಹೊರಟಿತು. ಹಾಗಾದರೆ ನಮ್ಮ ವಾಟರ್‌ಮನ್ ಕೆಲಸ ಹೋಗುತ್ತದೆ. ಅವನು ನಮ್ಮ ಸಂಘದವನು. ನನ್ನ ಚುನಾವಣೆಗೆ ಗೋಡೆಗೋಡೆಗೂ ಪೋಸ್ಟರ್ ಅಂಟಿಸಿದವನು. ಸಮಿತಿ ಮತ್ತೆ ಕೂಡಿತು: ಬೆಂಬಲ ಮುಂದುವರಿಯಲಿ, ಹೋರಾಟವೂ ನಡೆಯಲಿ.

ಹೋರಾಟವೆಂದರೆ ನಮ್ಮ ಕಡೆ ಕಚೇರಿಗೆ ಬೀಗ ಜಡಿಯುವುದು. ಗುತ್ತಿಗೆಯ ನಿರ್ಣಯ ಮತಕ್ಕೆ ಬರುವ ಸಭೆಯ ದಿನ ನಮ್ಮವರು ಬಂದು ಶಾಸ್ತ್ರೋಕ್ತವಾಗಿ ಜಡಿದರು. ನಾನು ಒಳಗಿದ್ದೆ.

ಕಿಟಕಿಗೆ ಹೋಗಿ, "ಲೇ, ನಾನಿಲ್ಲೇ ಇವ್ನಿ ಕಣ್ರಲಾ," ಅಂದೆ.

"ಗೊತ್ತು ಕಣಣ್ಣೋ, ಇರು ಅಲ್ಲೇ. ಈಚೆಗೆ ಬುಟ್ರೆ ಭಾಷಣಕ್ಕೆ ನಿಂತ್ಕಬುಡ್ತೀಯ," ಎಂದ ನಮ್ಮ ತಾಲ್ಲೂಕು ಕಾರ್ಯದರ್ಶಿ.

ಎಲ್ಲರೂ ನಕ್ಕರು. ಬಾವುಟ ಹಿಡಿದಿದ್ದ ವಾಟರ್‌ಮನ್ ಮಾತ್ರ ಕಂಬಿಯ ಹತ್ತಿರ ಬಂದು, "ಕೈ ಎತ್ಬ್ಯಾಡ ಕಣಣ್ಣ," ಅಂದ.

ಒಳಗೆ ದೊಡ್ಡ ಪಕ್ಷದ ಪಂಚಾಯಿತಿ ಅಧ್ಯಕ್ಷೆ ಕಾಯುತ್ತಿದ್ದರು. ಒಂದು ಕಾಲಕ್ಕೆ ನಾವಿಬ್ಬರೂ ಒಂದೇ ಪೊಲೀಸ್ ವ್ಯಾನಿನಲ್ಲಿ ಕೂತು ಘೋಷಣೆ ಕೂಗಿದವರು.

"ನೀನು ಬ್ಯಾಡ ಅಂದ್ರೆ ನಿರ್ಣಯ ಬಿದ್ದೋಯ್ತದೆ. ನಾಳೆನೇ ಪಕ್ಷೇತರರು ಎದುರು ಪಾರ್ಟಿ ರೈಸ್‌ಮಿಲ್ ಸಾವ್ಕಾರ್ರ ಗುಂಪಿಗೆ ಎಗರ್ತಾರೆ. ಅವ್ರು ಬಂದ್ರೆ ಅವನ ಕೆಲ್ಸ ಉಳಿಸ್ತಾರಾ? ಅದೇ ಗುತ್ತಿಗೆ, ಅವ್ರ ಅಳಿಯಂಗೆ ಕೊಡ್ತಾರೆ."

"ಮುಂದಿನ ಮೀಟಿಂಗಿಗೆ ಹಾಕು, ಅಕ್ಕ."

"ಹಾಕೀ ಹಾಕೀ ಸಾಕಾಯ್ತು ಕಣೋ."

ಕರೆಂಟು ಹೋಗಿ ಫ್ಯಾನು ನಿಂತಿತು. ಶೌಚಾಲಯವೂ ಹೊರಗಿತ್ತು, ನಮ್ಮ ಬೆಂಬಲದ ಹಾಗೆ. ಚರಿತ್ರೆಯ ಒತ್ತಡ ಎಂದು ಅಧ್ಯಯನ ಶಿಬಿರಗಳಲ್ಲಿ ಕೇಳಿದ್ದನ್ನು ಅಂದು ದೇಹದಲ್ಲೇ ಅನುಭವಿಸಿದೆ. ಕೊನೆಗೆ "ತೀವ್ರ ಆಕ್ಷೇಪಣೆಯೊಂದಿಗೆ" ಎಂದು ಬರೆಸಿ ಕೈ ಎತ್ತಿದೆ. ನಿರ್ಣಯ ಪಾಸಾಯಿತು. ಸರ್ಕಾರ ಉಳಿಯಿತು. ಕಿಟಕಿಯಿಂದ ಎಲ್ಲರೂ ನೋಡುತ್ತಿದ್ದರು.

ಸಂಜೆ ಬೀಗ ತೆಗೆದರು. ಮನೆಗೆ ಹೋಗುವ ಹಾಗಿರಲಿಲ್ಲ. ಹೊರಗೆ ಶುರುವಾಗಿದ್ದ ಧರಣಿ ನನ್ನ ಪಕ್ಷದ್ದು. ನಾನೇ ಪಾಸು ಮಾಡಿದ ನಿರ್ಣಯದ ವಿರುದ್ಧ ಕೂರಲು ಜಮಖಾನದ ತುದಿಗೆ ಹೋದೆ. ಯಾರೂ ಸರಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಾಟರ್‌ಮನ್ ಬಾವುಟವನ್ನು ಮಡಿಲಿಗೆ ಎಳೆದುಕೊಂಡು ಜಾಗ ಮಾಡಿದ.

"ಕುಂತ್ಕೊ ಬುಡಣ್ಣ," ಅಂದ. "ನಾಳಿಂದ ನಂಗೂ ಇದೇ ಕೆಲ್ಸ."